ಗಾಳಿಮಾಪಕ ಆಗಾಗ ಮಾಯ, ಎಂಜಿನ್ ಚಾಲೂ ಮಾಡಿದರೆ ಪರದೆ ಆರುತ್ತದೆ: ದೋಣಿಯ ಜಾಲದಲ್ಲಿ ದೋಷ ಎಲ್ಲಿಂದ ಹುಡುಕಲಿ?

ನೀಲಿಹಾಯಿ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನದು 10 ಮೀಟರ್ ಉದ್ದದ ಹಾಯಿದೋಣಿ, 12 ವೋಲ್ಟ್ ವ್ಯವಸ್ಥೆ. ಕಳೆದ ತಿಂಗಳು ನಾನೇ ಕೂತು ಎನ್‌ಎಂಇಎ 2000 ಜಾಲ (ಉಪಕರಣಗಳೆಲ್ಲ ಒಂದೇ ಕೇಬಲ್ ಮೇಲೆ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ) ಹಾಕಿದೆ. ಅದರಲ್ಲಿ ಚಾರ್ಟ್‌ಪ್ಲಾಟರ್ (ನಕ್ಷೆಯ ಪರದೆ), ಆಳಮಾಪಕ, ಹಾಯಿಕಂಬದ ತುದಿಯ ಗಾಳಿಮಾಪಕ, ಕ್ಲಾಸ್ ಬಿ ಎಐಎಸ್ (ನಮ್ಮ ಸ್ಥಾನ ಬೇರೆ ಹಡಗುಗಳಿಗೆ ಕಳಿಸಿ, ಅವುಗಳದ್ದು ನಮಗೆ ತೋರಿಸುವ ಪೆಟ್ಟಿಗೆ), ಆಟೋಪೈಲಟ್ (ತಾನೇ ಚುಕ್ಕಾಣಿ ಹಿಡಿಯುವ ಯಂತ್ರ) ಮತ್ತು ಅದರ ದಿಕ್ಸೂಚಿ ಸೆನ್ಸರ್ ಇವೆ. ವಿಎಚ್‌ಎಫ್ ರೇಡಿಯೋ ಹಳೆಯದು. ಅದಕ್ಕೆ ಎನ್‌ಎಂಇಎ 0183 (ಮಾಹಿತಿ ಕಳಿಸುವ ಹಳೆಯ ಪದ್ಧತಿ) ತಂತಿಗಳಷ್ಟೇ ಇವೆ.

ತೊಂದರೆಗಳು ಹೀಗಿವೆ. ಗಾಳಿಯ ವೇಗ ಹತ್ತು ನಿಮಿಷ ಸರಿಯಾಗಿ ಬರುತ್ತದೆ, ಆಮೇಲೆ ಪರದೆಯಲ್ಲಿ ಬರೀ ಗೆರೆಗಳು. ಎಂಜಿನ್ ಸ್ಟಾರ್ಟ್ ಮಾಡಿದಾಗ ಚಾರ್ಟ್‌ಪ್ಲಾಟರ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ರೇಡಿಯೋದಲ್ಲಿ ಮಾತಾಡುವಾಗ ಪರದೆ ಮಂಕಾಗುತ್ತದೆ. ರೇಡಿಯೋಗೆ ಜಿಪಿಎಸ್ ಸ್ಥಾನ ಸಿಗುತ್ತಲೇ ಇಲ್ಲ. ಇವೆಲ್ಲಕ್ಕಿಂತ ಭಯ ಹುಟ್ಟಿಸುವುದು ಆಟೋಪೈಲಟ್. ನೆಟ್ಟಗೆ ಹೋಗುತ್ತಿರುವ ದೋಣಿಯನ್ನು ಇದ್ದಕ್ಕಿದ್ದಂತೆ ಹತ್ತು ಹದಿನೈದು ಡಿಗ್ರಿ ತಿರುಗಿಸುತ್ತದೆ. ಅರ್ಧ ನಿಮಿಷದ ಮೇಲೆ ತಾನೇ ಹಳೆಯ ದಾರಿಗೆ ಬರುತ್ತದೆ.

ಮುಂದಿನ ತಿಂಗಳು ಮನೆಯವರ ಜೊತೆ ಮೊದಲ ಸಲ ರಾತ್ರಿ ಪಯಣ ಇದೆ. ಅಷ್ಟರೊಳಗೆ ಇದನ್ನು ನಂಬುವ ಹಾಗೆ ಮಾಡಬೇಕು. ಮೊದಲು ಹೊಸ ಗಾಳಿಮಾಪಕ ತರಲಾ?

ಹಳೇತಂತಿ · ಶನಿವಾರ ಮಧ್ಯಾಹ್ನ

ಸದ್ಯಕ್ಕೆ ಏನೂ ತರಬೇಡಿ. ನೀವು ಹೇಳಿದ ಐದು ತೊಂದರೆಗಳಲ್ಲಿ ಒಂದೂ ಪೆಟ್ಟಿಗೆಯ ಒಳಗಿನದು ಅಂತ ನನಗೆ ಅನಿಸುತ್ತಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು.

ಮೊದಲ ಅಳತೆ ಇದು. ಜಾಲದ ಪವರ್ ಪೂರ್ತಿ ತೆಗೆಯಿರಿ. ಯಾವುದಾದರೂ ಒಂದು ಟೀಯಿಂದ (ಮುಖ್ಯ ಕೇಬಲ್‌ನಿಂದ ಉಪಕರಣಕ್ಕೆ ಕವಲೊಡೆಯುವ ತುಂಡು) ಪ್ಲಗ್ ಬಿಚ್ಚಿ, ಬಿಳಿ ಮತ್ತು ನೀಲಿ ತಂತಿಯ ಪಿನ್‌ಗಳ ನಡುವೆ ಓಮ್ ನೋಡಿ. ಈ ಎರಡು ತಂತಿಗಳಲ್ಲೇ ಮಾಹಿತಿ ಓಡಾಡುತ್ತದೆ. ಕೆಂಪು ಮತ್ತು ಕಪ್ಪು ಬರೀ ಪವರ್‌ಗೆ. ಸುಮಾರು 60 ಓಮ್ ಬರಬೇಕು. ಯಾಕೆಂದರೆ ಬ್ಯಾಕ್‌ಬೋನ್‌ನ, ಅಂದರೆ ಮುಖ್ಯ ಕೇಬಲ್‌ನ, ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ಟರ್ಮಿನೇಟರ್ ಇರುತ್ತದೆ, ಎರಡೂ ಸಮಾನಾಂತರವಾಗಿ 60 ಆಗುತ್ತವೆ. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ, ಅಥವಾ ಮಧ್ಯದಲ್ಲಿ ಎಲ್ಲೋ ತಂತಿ ಕಡಿದಿದೆ. 40 ಬಂದರೆ ಯಾರೋ ಮೂರನೆಯದು ಹಾಕಿದ್ದಾರೆ.

ಟರ್ಮಿನೇಟರ್ ಇರುವುದು ಸುಮ್ನೆ ತುದಿ ಮುಚ್ಚೋಕೆ ಅಲ್ಲ. ತುದಿ ಮುಟ್ಟಿದ ಸಿಗ್ನಲ್ ಗೋಡೆಗೆ ಬಡಿದ ಅಲೆಯ ಹಾಗೆ ವಾಪಸ್ ಬರುತ್ತದೆ. ಬಂದು ಮುಂದಿನ ಸಿಗ್ನಲ್‌ಗೆ ಅಡ್ಡ ಬೀಳುತ್ತದೆ. ಅದನ್ನು ಅಲ್ಲೇ ಹೀರಿಕೊಳ್ಳುವುದು ಟರ್ಮಿನೇಟರ್ ಕೆಲಸ.

ಜೊತೆಗೆ ಒಂದು ಹಾಳೆಯಲ್ಲಿ ನಿಮ್ಮ ಜಾಲದ ಚಿತ್ರ ಬರೆಯಿರಿ. ಯಾವ ಕೇಬಲ್ ಎಷ್ಟು ಮೀಟರ್, ಯಾವುದು ಎಲ್ಲಿ ಸೇರಿದೆ, ಪವರ್ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲ ಬೇಕು. ನೆನಪಿನಿಂದ ಬರೆಯಬೇಡಿ. ಕೈಯಲ್ಲಿ ಕೇಬಲ್ ಹಿಡಿದು ಹೋಗಿ ಬರೆಯಿರಿ.

ದಡದೂರ · ಶನಿವಾರ ಸಂಜೆ

ಹಳೇತಂತಿಯವರ ಮಾತು ಕೇಳಿ. ನನ್ನ ದೋಣಿಯಲ್ಲೂ ಆಳಮಾಪಕ ಹೀಗೇ ಬಂದು ಹೋಗುತ್ತಿತ್ತು. ಸೆನ್ಸರ್ ಬದಲಿಸಿದೆ. ದೋಷ ಅಲ್ಲೇ ಉಳಿಯಿತು. ಕೊನೆಗೆ ಟಾರ್ಚ್ ಹಿಡಿದು ಟೀ ಒಳಗೆ ನೋಡಿದರೆ, ಐದು ಪಿನ್‌ಗಳಲ್ಲಿ ಒಂದು ವಾಲಿಕೊಂಡು ತೂತಿನ ಅಂಚಿಗೆ ಒರಗಿತ್ತು. ಪ್ಲಗ್ ತಿರುಗಿಸುವಾಗ ಜೋರಾಗಿ ಒತ್ತಿದ್ದರಿಂದ ಹಾಗಾಗಿತ್ತು. ಪ್ಲಗ್‌ನಲ್ಲಿ ಒಂದು ಸಣ್ಣ ತೋಡು ಇರುತ್ತದಲ್ಲ, ಅದು ಸರಿಯಾಗಿ ಕೂತ ಮೇಲೆ ಮಾತ್ರ ಹೊರಗಿನ ತಿರುಪು ಬಿಗಿ ಮಾಡಿ.

ನೀಲಿಹಾಯಿ · ಭಾನುವಾರ ಬೆಳಿಗ್ಗೆ

ಅಳೆದೆ. 60.4 ಓಮ್. ಅಂದರೆ ಟರ್ಮಿನೇಟರ್‌ಗಳು ಸರಿ ಇವೆ ಅಲ್ವಾ?

ಚಿತ್ರವೂ ಬರೆದೆ. ನಕ್ಷೆ ಮೇಜಿನ ಹಿಂದೆ 3 ಮೀಟರ್ ಬ್ಯಾಕ್‌ಬೋನ್, ಅದರ ಮೇಲೆ ಸಾಲಾಗಿ ಟೀಗಳು, ಎರಡು ತುದಿಗೂ ಟರ್ಮಿನೇಟರ್. ಪವರ್ ಟೀ ಮಧ್ಯದಲ್ಲಿದೆ. ಚಾರ್ಟ್‌ಪ್ಲಾಟರ್‌ಗೆ 2 ಮೀಟರ್, ಆಳಮಾಪಕಕ್ಕೆ 4, ಎಐಎಸ್‌ಗೆ 1, ಆಟೋಪೈಲಟ್‌ಗೆ 5, ಅದರ ದಿಕ್ಸೂಚಿಗೆ 3. ಗಾಳಿಮಾಪಕದ ಕೇಬಲ್ ಕಂಬದ ಒಳಗಿನಿಂದ ಇಳಿದು ಮೇಜಿಗೆ ಬರುವಷ್ಟರಲ್ಲಿ 16 ಮೀಟರ್. ಅದೂ ಒಂದು ಟೀಗೆ ಸೇರಿದೆ.

ಹಳೇತಂತಿ · ಭಾನುವಾರ ಬೆಳಿಗ್ಗೆ

ಚಿತ್ರ ಬರೆದಿದ್ದು ಒಳ್ಳೆಯದಾಯಿತು. 60 ಓಮ್ ಬಂದರೂ ದೋಷ ಆ ಚಿತ್ರದೊಳಗೇ ಕೂತಿದೆ.

ಎನ್‌ಎಂಇಎ 2000ರಲ್ಲಿ ಟೀಯಿಂದ ಉಪಕರಣಕ್ಕೆ ಹೋಗುವ ಡ್ರಾಪ್ ಕೇಬಲ್ 6 ಮೀಟರ್ ದಾಟುವ ಹಾಗಿಲ್ಲ. ಎಲ್ಲ ಡ್ರಾಪ್‌ಗಳೂ ಸೇರಿ 78 ಮೀಟರ್ ಮಿತಿ. ನಿಮ್ಮ ಗಾಳಿಮಾಪಕದ ಡ್ರಾಪ್ 16 ಮೀಟರ್ ಇದೆ, ಅದರ ತುದಿಯಲ್ಲಿ ಟರ್ಮಿನೇಟರ್ ಇಲ್ಲ. ಕಂಬದ ತುದಿಯಿಂದ ಪ್ರತಿಧ್ವನಿ ವಾಪಸ್ ಬರುತ್ತಿದೆ. ಓಮ್ ಮೀಟರ್‌ಗೆ ಉದ್ದ ಕಾಣುವುದಿಲ್ಲ. ಅದಕ್ಕೇ ಚಿತ್ರ ಬೇಕು ಅಂದಿದ್ದು.

ಪರಿಹಾರ ಸುಲಭ, ಹೊಸ ಕೇಬಲ್ ಕೂಡ ಎಳೆಯಬೇಕಿಲ್ಲ. ಕಂಬದ ಕೇಬಲ್ಲನ್ನೇ ಬ್ಯಾಕ್‌ಬೋನ್‌ನ ಭಾಗ ಮಾಡಿ. ಮೇಜಿನ ಹಿಂದಿನ ಒಂದು ತುದಿಯ ಟರ್ಮಿನೇಟರ್ ತೆಗೆಯಿರಿ. ಅಲ್ಲಿಗೆ ಕಂಬದ ಕೇಬಲ್ ಸೇರಿಸಿ. ಕಂಬದ ತುದಿಯಲ್ಲಿ, ಕೇಬಲ್ ಮತ್ತು ಗಾಳಿಮಾಪಕದ ನಡುವೆ, ಇನ್‌ಲೈನ್ ಟರ್ಮಿನೇಟರ್ ಹಾಕಿ. ಆ ಸಣ್ಣ ತುಂಡಿನಲ್ಲಿ 120 ಓಮ್ ಒಳಗೇ ಇರುತ್ತದೆ, ಮಾಹಿತಿಯೂ ದಾಟಿ ಹೋಗುತ್ತದೆ. ಈಗ ಬ್ಯಾಕ್‌ಬೋನ್ 19 ಮೀಟರ್ ಆಗುತ್ತದೆ. ಸಣ್ಣ ಕೇಬಲ್‌ಗೆ 100 ಮೀಟರ್ ತನಕ ಅವಕಾಶ ಇದೆ, ಆದ್ದರಿಂದ ಚಿಂತೆಯಿಲ್ಲ.

ಹಳೆಯ ಟರ್ಮಿನೇಟರ್ ತೆಗೆಯುವುದನ್ನು ಮರೆಯಬೇಡಿ. ಕೆಲಸ ಮುಗಿದ ಮೇಲೆ ಮತ್ತೆ ಅಳೆಯಿರಿ. 60 ಬರಲೇಬೇಕು. 40 ಬಂದರೆ ಅದು ಅಲ್ಲೇ ಉಳಿದಿದೆ ಅಂತ ಅರ್ಥ.

ಸಣ್ಣಲಂಗರು · ಭಾನುವಾರ ಮಧ್ಯಾಹ್ನ

ಮಧ್ಯೆ ಬಂದು ಕೇಳುತ್ತಿದ್ದೇನೆ. ಡ್ರಾಪ್ ಉದ್ದವಾದರೆ ಪೂರ್ತಿ ಕೆಲಸ ನಿಲ್ಲಬೇಕಲ್ವಾ? ಆಗಾಗ ಬರೋದು ಹೇಗೆ?

ಹಳೇತಂತಿ · ಭಾನುವಾರ ಮಧ್ಯಾಹ್ನ

ಒಳ್ಳೆಯ ಪ್ರಶ್ನೆ. ಇದರ ಬುಡದಲ್ಲಿರುವುದು ಕ್ಯಾನ್ ಬಸ್. ಬಾಷ್ ಕಂಪನಿ ಕಾರುಗಳಿಗಾಗಿ ಮಾಡಿ 1986ರಲ್ಲಿ ಹೊರತಂದ ತಂತ್ರ. ಗಲಾಟೆಯ ಜಾಗದಲ್ಲೂ ಕೆಲಸ ನಡೆಯಲಿ ಅಂತಲೇ ಮಾಡಿದ್ದು. ಸಂದೇಶ ಕೆಟ್ಟರೆ ಅದನ್ನು ಎಲ್ಲರೂ ತಿರಸ್ಕರಿಸುತ್ತಾರೆ, ಕಳಿಸಿದವರು ಮತ್ತೆ ಕಳಿಸುತ್ತಾರೆ. ಹೀಗಾಗಿ ಕೆಟ್ಟ ಜೋಡಣೆಯೂ ಸ್ವಲ್ಪ ದಿನ ಒಳ್ಳೆಯದರ ಹಾಗೆಯೇ ಕಾಣುತ್ತದೆ. ಆದರೆ ಒಂದು ಉಪಕರಣದ ತಪ್ಪುಗಳ ಎಣಿಕೆ ಮಿತಿ ದಾಟಿದರೆ, ಅದು ತಾನೇ ಜಾಲದಿಂದ ಹೊರಗೆ ಹೋಗಿ ಕೂರುತ್ತದೆ. ಪರದೆಯ ಮೇಲೆ ಬರುವ ಆ ಗೆರೆಗಳ ಹಿಂದೆ ಹೀಗೂ ಆಗಿರಬಹುದು.

ಅಳತೆಗಾರ್ತಿ · ಭಾನುವಾರ ಸಂಜೆ

ನೀಲಿಹಾಯಿ, ಪರದೆ ಆರುವುದು, ಮಂಕಾಗುವುದು ಬೇರೆ ಕಥೆ. ಅದು ವೋಲ್ಟೇಜ್. ಮೂರು ಅಳತೆ ಬೇಕು. ಎಲ್ಲ ಉಪಕರಣ ಚಾಲೂ ಮಾಡಿ, ಮೊದಲು ಬ್ಯಾಟರಿಯ ಟರ್ಮಿನಲ್‌ಗಳ ಮೇಲೇ ಅಳೆಯಿರಿ. ಆಮೇಲೆ ನಕ್ಷೆ ಮೇಜಿನ ಸ್ವಿಚ್ ಪ್ಯಾನೆಲ್‌ನಲ್ಲಿ. ಕೊನೆಗೆ ಯಾರಾದರೂ ಎಂಜಿನ್ ಸ್ಟಾರ್ಟ್ ಮಾಡುತ್ತಿರುವಾಗ ಎರಡೂ ಕಡೆ. ಪ್ಯಾನೆಲ್‌ಗೆ ಬರುವ ತಂತಿಯ ದಪ್ಪ ಮತ್ತು ಉದ್ದ ಕೂಡ ತಿಳಿಸಿ.

ನೀಲಿಹಾಯಿ · ಸೋಮವಾರ ರಾತ್ರಿ

ಬ್ಯಾಟರಿಯಲ್ಲಿ 12.5, ಪ್ಯಾನೆಲ್‌ನಲ್ಲಿ 11.2. ಎಂಜಿನ್ ಸ್ಟಾರ್ಟ್ ಆಗುವಾಗ ಬ್ಯಾಟರಿ 10.2ಕ್ಕೆ ಇಳಿಯಿತು, ಪ್ಯಾನೆಲ್ 8.9ಕ್ಕೆ. ತಂತಿಯ ಮೇಲೆ 1.5 ಚದರ ಮಿಲಿಮೀಟರ್ ಅಂತ ಬರೆದಿದೆ. ಒಂದು ಕಡೆಗೆ 7 ಮೀಟರ್. ಉಪಕರಣಗಳು ಎಲ್ಲ ಸೇರಿ ಸುಮಾರು 5 ಆಂಪಿಯರ್ ಎಳೆಯುತ್ತಿವೆ. ಆಟೋಪೈಲಟ್ ಮೋಟಾರಿಗೆ ಮಾತ್ರ ಬ್ಯಾಟರಿಯಿಂದ ಬೇರೆ ತಂತಿ ಇದೆ.

ಅಳತೆಗಾರ್ತಿ · ಸೋಮವಾರ ರಾತ್ರಿ

ಈ ಅಂಕಿಗಳಲ್ಲೇ ಉತ್ತರ ಇದೆ. ಲೆಕ್ಕ ಹಾಕೋಣ.

ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ 7 ಮೀಟರ್ ಅಂದರೆ 14 ಮೀಟರ್ ತಂತಿ. 1.5ರ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್. 14 ಮೀಟರಿಗೆ 0.17 ಓಮ್. 5 ಆಂಪಿಯರ್ ಹರಿದರೆ 0.84 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಅಮೆರಿಕದ ದೋಣಿ ಸಂಸ್ಥೆ ಎಬಿವೈಸಿಯ ಮಾನದಂಡ ಇಂಥ ಮುಖ್ಯ ಸರ್ಕ್ಯೂಟ್‌ಗಳಿಗೆ 3 ಶೇಕಡಾ ಮಾತ್ರ ಬಿಡುತ್ತದೆ. 12 ವೋಲ್ಟಿಗೆ ಅದು 0.36. ನಿಮ್ಮದು ಅದರ ಎರಡು ಪಟ್ಟಿಗಿಂತ ಜಾಸ್ತಿ.

25 ವ್ಯಾಟ್ ವಿಎಚ್‌ಎಫ್ ಮಾತಾಡುವಾಗ ಇನ್ನೂ 5–6 ಆಂಪಿಯರ್ ಎಳೆಯುತ್ತದೆ. ಪರದೆ ಮಂಕಾಗುವುದು ಅದಕ್ಕೇ. ಎನ್‌ಎಂಇಎ 2000 ಉಪಕರಣಗಳಿಗೆ ಕನಿಷ್ಠ 9 ವೋಲ್ಟ್ ಬೇಕು. ನಿಮ್ಮದು ಸ್ಟಾರ್ಟ್ ಆಗುವಾಗ 8.9. ಕೂದಲೆಳೆಯಲ್ಲಿ ಬೀಳುತ್ತಿದೆ.

ಆದರೆ ನಿಜವಾಗಿ ಗಮನ ಕೊಡಬೇಕಾದ್ದು ಬೇರೆ. ತಂತಿ ತಿನ್ನುವುದು 0.84. ನೀವು ಕಳೆದುಕೊಂಡಿದ್ದು 1.3. ಉಳಿದ 0.46 ವೋಲ್ಟ್ ಎಲ್ಲಿ ಹೋಯಿತು? ಅದು ಯಾವುದೋ ಕೀಲಿನಲ್ಲಿದೆ. ಹುಡುಕುವುದು ಹೀಗೆ: ಎಲ್ಲ ಚಾಲೂ ಇರಲಿ. ಮೀಟರನ್ನು ವೋಲ್ಟ್‌ನಲ್ಲಿ ಇಟ್ಟು, ಒಂದು ಮುಳ್ಳನ್ನು ಕೀಲಿನ ಈ ಕಡೆ, ಇನ್ನೊಂದನ್ನು ಆ ಕಡೆ ಒತ್ತಿ. ಫ್ಯೂಸ್ ಹೋಲ್ಡರ್, ಸ್ವಿಚ್, ಬಸ್‌ಬಾರ್ (ಹಲವು ತಂತಿಗಳು ಸೇರುವ ಲೋಹದ ಪಟ್ಟಿ), ಪ್ರತಿಯೊಂದು ರಿಂಗ್ ಟರ್ಮಿನಲ್ (ತಂತಿಯ ತುದಿಯ ಲೋಹದ ಬಳೆ). ಒಳ್ಳೆಯ ಕೀಲಿಗೆ ಕೆಲವೇ ಮಿಲಿವೋಲ್ಟ್ ಬರುತ್ತದೆ. ಎಲ್ಲಿ ದೊಡ್ಡ ಅಂಕಿ ಬರುತ್ತದೋ ಅದೇ ಕಳ್ಳ. ನೆಗೆಟಿವ್ ಕಡೆಯನ್ನೂ ಬಿಡಬೇಡಿ. ಹೆಚ್ಚಿನವರು ಕೆಂಪು ತಂತಿ ನೋಡಿ ನಿಲ್ಲಿಸಿಬಿಡುತ್ತಾರೆ.

ನೀಲಿಹಾಯಿ · ಮಂಗಳವಾರ ಸಂಜೆ

ಸಿಕ್ಕಿತು! ನೆಗೆಟಿವ್ ಬಸ್‌ಬಾರ್‌ನ ಮೂರನೆಯ ತಿರುಪು. ಅಲ್ಲಿ 0.41 ವೋಲ್ಟ್. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ತಿರುಪು ಬಿಚ್ಚಿದಾಗ ರಿಂಗ್‌ನ ಕೆಳಗೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ತಂತಿಯ ಮೇಲಿನ ಸಿಪ್ಪೆ ಎರಡು ಇಂಚು ಸುಲಿದು ನೋಡಿದೆ. ತಾಮ್ರ ಕಪ್ಪಾಗಿತ್ತು. ಇನ್ನೂ ಎರಡು ಇಂಚು ಸುಲಿದರೂ ಕಪ್ಪೇ. ಉಗುರಲ್ಲಿ ಕೆರೆದರೆ ಎಳೆಗಳು ಮುರಿದು ಬಂದವು.

ಇಷ್ಟು ದಿನ ಇದರ ಮೇಲೆ ನಂಬಿಕೆ ಇಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ ಅಂತ ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಅಳತೆಗಾರ್ತಿ · ಮಂಗಳವಾರ ಸಂಜೆ

ನೀವು ಹುಡುಕಿದಿರಲ್ಲ, ಅದೇ ದೊಡ್ಡದು. ಆ ತಂತಿಯನ್ನು ಕತ್ತರಿಸಿ ಹೊಸ ರಿಂಗ್ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ. ಉಪ್ಪುನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿರುತ್ತದೆ. ಪೂರ್ತಿ ಬದಲಿಸಿ. ಕಲಾಯಿ ಹಾಕಿದ ತಾಮ್ರದ, ಸಣ್ಣ ಎಳೆಗಳ ತಂತಿ ತೆಗೆದುಕೊಳ್ಳಿ.

ದಪ್ಪ 10 ಚದರ ಮಿಲಿಮೀಟರ್ ಇರಲಿ. 6 ಸಾಕು ಅಂತ ಕೆಲವರು ಹೇಳಬಹುದು. 5 ಆಂಪಿಯರ್‌ಗೆ 6 ಸಾಕು, ನಿಜ. ಆದರೆ ರೇಡಿಯೋದಲ್ಲಿ ಮಾತಾಡುವಾಗ 11 ಆಗುತ್ತದೆ. ಆಗ 6ರಲ್ಲಿ 0.46 ವೋಲ್ಟ್ ಹೋಗುತ್ತದೆ, 10ರಲ್ಲಿ 0.28. ತೊಂದರೆಯಲ್ಲಿ ಸಿಕ್ಕಿ ಸಹಾಯ ಕೇಳುವ ಗಳಿಗೆಯಲ್ಲೇ ವೋಲ್ಟೇಜ್ ಬೀಳಬಾರದು.

ಫ್ಯೂಸ್ ಬ್ಯಾಟರಿಗೆ ಹತ್ತಿರ ಇರಬೇಕು. ಎಬಿವೈಸಿ ಪ್ರಕಾರ ಸಾಮಾನ್ಯವಾಗಿ 7 ಇಂಚಿನೊಳಗೆ, ಅಂದರೆ ಸುಮಾರು 18 ಸೆಂಟಿಮೀಟರ್. ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ತಂತಿಯನ್ನು. ಉಪಕರಣಗಳಿಗೆ ಪ್ಯಾನೆಲ್‌ನಿಂದ ಮುಂದೆ ಅವುಗಳದೇ ಸಣ್ಣ ಫ್ಯೂಸ್‌ಗಳು ಬೇಕು.

ಮೀನುದೋಣಿ · ಮಂಗಳವಾರ ರಾತ್ರಿ

ರಿಂಗ್ ಹಾಕುವಾಗ ಬೆಸುಗೆ ಹಾಕಿಬಿಡಿ, ಕಿಲುಬು ಒಳಗೆ ಹೋಗುವುದಿಲ್ಲ. ನಾನು ಹದಿನೈದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಹಳೇತಂತಿ · ಮಂಗಳವಾರ ರಾತ್ರಿ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಬೆಸುಗೆ ಎಳೆಗಳ ನಡುವೆ ಹರಿದು ತಂತಿಯನ್ನು ಕಡ್ಡಿಯ ಹಾಗೆ ಗಟ್ಟಿ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿದು ಮೆತ್ತಗಿನ ತಂತಿ ಶುರುವಾಗುವ ಜಾಗದಲ್ಲೇ, ದೋಣಿಯ ಅದುರಾಟಕ್ಕೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಬರೀ ಬೆಸುಗೆಯ ಮೇಲೆ ಕೀಲು ನಿಲ್ಲಬಾರದು ಅಂತ ಎಬಿವೈಸಿ ಕೂಡ ಹೇಳುತ್ತದೆ. ರ‍್ಯಾಚೆಟ್ ಇರುವ ಕ್ರಿಂಪ್ ಇಕ್ಕಳ (ರಿಂಗನ್ನು ತಂತಿಗೆ ಒತ್ತಿ ಕೂರಿಸುವುದು) ಹಿಡಿಯಿರಿ, ಅದು ಪೂರ್ತಿ ಒತ್ತುವ ತನಕ ಬಾಯಿ ಬಿಡುವುದಿಲ್ಲ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ. ಬಿಸಿ ಮಾಡಿದಾಗ ಎರಡೂ ಅಂಚಿನಲ್ಲಿ ಅಂಟು ಸಣ್ಣ ಮಣಿಯ ಹಾಗೆ ಹೊರಗೆ ಬರಬೇಕು. ಬಂದರೆ ನೀರು ಒಳಗೆ ಹೋಗುವುದಿಲ್ಲ. ಕ್ರಿಂಪ್ ಮಾಡಿದ ಮೇಲೆ ಕೈಯಲ್ಲಿ ಬಲವಾಗಿ ಎಳೆದು ನೋಡಿ.

ಮೀನುದೋಣಿ · ಮಂಗಳವಾರ ರಾತ್ರಿ

ನನ್ನ ತಂತಿಗಳನ್ನು ಪ್ರತಿ 15 ಸೆಂಟಿಮೀಟರಿಗೆ ಕಟ್ಟಿ ಅಲುಗದ ಹಾಗೆ ಮಾಡಿದ್ದೇನೆ, ಅದಕ್ಕೇ ಉಳಿದಿರಬಹುದು. ಕ್ರಿಂಪ್ ಜೊತೆ ಅಂಟಿನ ಶ್ರಿಂಕ್ ಇದ್ದರೆ ಬೆಸುಗೆ ಬೇಡ ಅನ್ನೋದನ್ನು ಒಪ್ಪುತ್ತೇನೆ. ಕಟ್ಟುವುದನ್ನು ಮಾತ್ರ ಬಿಡಬೇಡಿ.

ಅಂದ ಹಾಗೆ ಆಟೋಪೈಲಟ್ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಅಪಾಯದ್ದು ಅನಿಸುತ್ತದೆ. ಅದರ ದಿಕ್ಸೂಚಿ ಸೆನ್ಸರ್ ಎಲ್ಲಿದೆ? ಅರ್ಧ ನಿಮಿಷ ತಿರುಗಿ ಸರಿಹೋಗುತ್ತದೆ ಅಂದಿರಿ. ಅರ್ಧ ನಿಮಿಷ ಓಡಿ ನಿಲ್ಲುವಂಥದ್ದು ದೋಣಿಯಲ್ಲಿ ಏನಿದೆ ಅಂತ ಯೋಚಿಸಿ.

ನೀಲಿಹಾಯಿ · ಬುಧವಾರ ಬೆಳಿಗ್ಗೆ

ತಳದ ನೀರು ಎತ್ತುವ ಪಂಪ್! ಅದು ತಾನೇ ಚಾಲೂ ಆಗಿ ಅರ್ಧ ನಿಮಿಷ ಓಡಿ ನಿಲ್ಲುತ್ತದೆ. ಈಗ ಹೋಗಿ ನೋಡಿದೆ. ದಿಕ್ಸೂಚಿ ಸೆನ್ಸರ್ ಒಂದು ಕಪಾಟಿನ ಒಳಗೋಡೆಗೆ ಕೂತಿದೆ. ಆ ಗೋಡೆಯ ಹಿಂದೆಯೇ ಪಂಪಿನ ಕೆಂಪು ತಂತಿ ಹಾದುಹೋಗಿದೆ, ಒಂದು ಗೇಣು ಕೂಡ ದೂರ ಇಲ್ಲ. ಕಪ್ಪು ತಂತಿ ಬೇರೆ ದಾರಿಯಲ್ಲಿ, ದೋಣಿಯ ಇನ್ನೊಂದು ಬದಿಯಲ್ಲಿ ಹೋಗಿದೆ.

ಅಳತೆಗಾರ್ತಿ · ಬುಧವಾರ ಬೆಳಿಗ್ಗೆ

ಮೀನುದೋಣಿಯವರು ಸರಿಯಾಗಿ ಹಿಡಿದರು. 5 ಆಂಪಿಯರ್ ಹರಿಯುವ ಒಂಟಿ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 10 ಮೈಕ್ರೋಟೆಸ್ಲಾ. ದಿಕ್ಸೂಚಿಯನ್ನು ಉತ್ತರಕ್ಕೆ ಹಿಡಿಯುವ ಭೂಮಿಯ ಅಡ್ಡ ಕಾಂತಕ್ಷೇತ್ರ 30ರ ಆಸುಪಾಸು ಅಂದುಕೊಳ್ಳಿ. ಎರಡೂ ಒಂದಕ್ಕೊಂದು ಅಡ್ಡ ಬಂದರೆ ದಿಕ್ಸೂಚಿ 18 ಡಿಗ್ರಿ ತನಕ ತಪ್ಪು ತೋರಿಸುತ್ತದೆ. ನಿಮ್ಮ ಆಟೋಪೈಲಟ್ ಪ್ರಾಮಾಣಿಕವಾಗಿ ಆ ತಪ್ಪು ಉತ್ತರಕ್ಕೆ ಚುಕ್ಕಾಣಿ ತಿರುಗಿಸುತ್ತಿದೆ.

ಕೆಂಪು ಮತ್ತು ಕಪ್ಪು ತಂತಿಗಳನ್ನು ಹುರಿ ಹೊಸೆದ ಹಾಗೆ ಒಟ್ಟಿಗೆ ಹೊಸೆದು ಎಳೆಯಿರಿ. ಕರೆಂಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದರಿಂದ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತವೆ. ಸೆನ್ಸರನ್ನೂ ಸಾಧ್ಯವಾದರೆ ಒಂದು ಮೀಟರ್ ದೂರಕ್ಕೆ ಸರಿಸಿ.

ಮೀನುದೋಣಿ · ಬುಧವಾರ ಮಧ್ಯಾಹ್ನ

ಸರಿಸುವ ಮೊದಲು ಆ ಕಪಾಟಿನಲ್ಲಿ ಸ್ಪೀಕರ್, ಕಬ್ಬಿಣದ ಉಪಕರಣ ಪೆಟ್ಟಿಗೆ ಇಲ್ಲ ಅಂತ ನೋಡಿಕೊಳ್ಳಿ. ಆಮೇಲೆ ದೋಣಿಯನ್ನು ದಡಕ್ಕೆ ಬಿಗಿಯಾಗಿ ಕಟ್ಟಿ. ಒಬ್ಬರು ದಿಕ್ಸೂಚಿಯ ಅಂಕಿ ಓದುತ್ತಿರಲಿ, ಇನ್ನೊಬ್ಬರು ಒಂದೊಂದೇ ಸ್ವಿಚ್ ಹಾಕಿ ತೆಗೆಯಲಿ. ಯಾವ ಸ್ವಿಚ್‌ಗೂ ಅಂಕಿ ಕದಲಬಾರದು. ಕೊನೆಗೆ ಶಾಂತ ನೀರಿನಲ್ಲಿ ನಿಧಾನವಾಗಿ ಸುತ್ತು ಹಾಕಿ ಸೆನ್ಸರ್‌ನ ತಿದ್ದುಪಡಿ ಮತ್ತೆ ಮಾಡಿ. ಜಾಗ ಬದಲಾದ ಮೇಲೆ ಹಳೆಯ ತಿದ್ದುಪಡಿ ಕೆಲಸಕ್ಕೆ ಬರುವುದಿಲ್ಲ.

ರೇಡಿಯೋಕಿವಿ · ಬುಧವಾರ ಸಂಜೆ

ತಡವಾಗಿ ನೋಡಿದೆ. ರೇಡಿಯೋಗೆ ಸ್ಥಾನ ಬರದೆ ರಾತ್ರಿ ಪಯಣಕ್ಕೆ ಹೊರಡಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಡಿಎಸ್‌ಸಿಯ (ರೇಡಿಯೋದ ಡಿಜಿಟಲ್ ಕರೆ ವ್ಯವಸ್ಥೆ) ಆ ಕೆಂಪು ತುರ್ತು ಗುಂಡಿ ಒತ್ತಿದಾಗ ಚಾನೆಲ್ 70ರಲ್ಲಿ ನಿಮ್ಮ ಒಂಬತ್ತು ಅಂಕಿಯ ಎಂಎಂಎಸ್‌ಐ (ದೋಣಿಯ ಗುರುತಿನ ಸಂಖ್ಯೆ) ಜೊತೆ ಸ್ಥಾನವೂ ಹೋಗಬೇಕು. ಜಿಪಿಎಸ್ ತಂತಿ ಸೇರದಿದ್ದರೆ ಯಾರೋ ಕಷ್ಟದಲ್ಲಿದ್ದಾರೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ.

ರೇಡಿಯೋದ 0183 ತಂತಿಗಳನ್ನು ಎಲ್ಲಿಗೆ ಸೇರಿಸಿದ್ದೀರಿ?

ನೀಲಿಹಾಯಿ · ಬುಧವಾರ ಸಂಜೆ

ಎಐಎಸ್ ಪೆಟ್ಟಿಗೆಯ 0183 ಔಟ್‌ಪುಟ್‌ಗೆ. ಅದರಲ್ಲಿ ಜಿಪಿಎಸ್ ಇದೆಯಲ್ಲ, ಅದಕ್ಕೆ. ಹಸಿರಿಗೆ ಹಸಿರು, ಹಳದಿಗೆ ಹಳದಿ ಸೇರಿಸಿದ್ದೇನೆ.

ರೇಡಿಯೋಕಿವಿ · ಬುಧವಾರ ರಾತ್ರಿ

ಎರಡು ತಪ್ಪು ಒಟ್ಟಿಗೆ ಇರಬಹುದು.

ಮೊದಲನೆಯದು ಬಣ್ಣ. ಎನ್‌ಎಂಇಎ 2000ರಲ್ಲಿ ಬಣ್ಣ ನಿಗದಿ ಇದೆ. 0183ರಲ್ಲಿ ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಬಣ್ಣ ನೋಡಿ ಸೇರಿಸಬೇಡಿ, ಎರಡೂ ಕೈಪಿಡಿ ತೆರೆದು ಹೆಸರು ನೋಡಿ ಸೇರಿಸಿ. ಒಬ್ಬರ ಔಟ್ ಇನ್ನೊಬ್ಬರ ಇನ್‌ಗೆ ಹೋಗಬೇಕು. ಮಾತಾಡುವವರ ಬಾಯಿ ಕೇಳುವವರ ಕಿವಿಗೆ. ಔಟ್‌ನ ಎ ತಂತಿ ಇನ್‌ನ ಎಗೆ, ಬಿ ತಂತಿ ಬಿಗೆ. ಒಂದು ಜೋಡಿ ತಂತಿಯಲ್ಲಿ ಒಬ್ಬರೇ ಮಾತಾಡಬೇಕು, ಕೇಳುವವರು ಎಷ್ಟೋ ಜನ ಇರಬಹುದು.

ಎರಡನೆಯದು ವೇಗ. ಸಾಮಾನ್ಯ 0183 ನಡೆಯುವುದು 4800 ಬಾಡ್‌ನಲ್ಲಿ. ಅಂದರೆ ಸೆಕೆಂಡಿಗೆ 480 ಅಕ್ಷರ. ಒಂದು ಸಾಲು 82 ಅಕ್ಷರ ತನಕ ಇರಬಹುದು, ಹಾಗಾಗಿ ಉದ್ದದ ಸಾಲುಗಳಾದರೆ ಸೆಕೆಂಡಿಗೆ ಆರೂ ಹಿಡಿಸುವುದಿಲ್ಲ. ಸುತ್ತ ಐವತ್ತು ಹಡಗುಗಳಿದ್ದರೆ ಎಐಎಸ್‌ಗೆ ಇದು ಸಾಲದು. ಅದಕ್ಕೇ ಎಐಎಸ್ 38400ರಲ್ಲಿ ಮಾತಾಡುತ್ತದೆ. ನಿಮ್ಮ ಹಳೆಯ ರೇಡಿಯೋ 4800ರಲ್ಲಿ ಕಿವಿ ಕೊಟ್ಟಿದೆ. ಅದಕ್ಕೆ ಕೇಳುವುದು ಬರೀ ಗದ್ದಲ.

ಚಾರ್ಟ್‌ಪ್ಲಾಟರ್‌ಗೆ 0183 ಪೋರ್ಟ್ ಇದ್ದರೆ ಅದನ್ನು 4800ಕ್ಕೆ ಇಟ್ಟು, ಆರ್‌ಎಂಸಿ ಸಾಲು ಕಳಿಸುವ ಹಾಗೆ ಮಾಡಿ, ಅಲ್ಲಿಂದ ರೇಡಿಯೋಗೆ ಕೊಡಿ. ಆ ಒಂದೇ ಸಾಲಿನಲ್ಲಿ ಸಮಯ, ತಾರೀಕು, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು ಎಲ್ಲ ಇರುತ್ತದೆ. ಸರಿಯಾದರೆ ರೇಡಿಯೋ ಪರದೆಯಲ್ಲಿ ಅಂಕಿಗಳು ಬರುತ್ತವೆ. ಬಂದ ಅಂಕಿಯನ್ನು ಪ್ಲಾಟರ್ ಜೊತೆ ಹೋಲಿಸಿ.

ಇನ್ನೊಂದು ಮಾತು. ಕಂಬದ ತುದಿಯ ಆಂಟೆನಾಗೆ ಯಾವ ಕೇಬಲ್ ಇದೆ? ಸಣ್ಣ ಆರ್‌ಜಿ-58 ಆದರೆ 20 ಮೀಟರ್‌ನಲ್ಲಿ ಸುಮಾರು 4 ಡೆಸಿಬೆಲ್ ಹೋಗುತ್ತದೆ. ರೇಡಿಯೋ 25 ವ್ಯಾಟ್ ಕೊಟ್ಟರೆ ಆಂಟೆನಾಗೆ ತಲುಪುವುದು 10. ದಪ್ಪದ ಆರ್‌ಜಿ-213 ಆದರೆ ನಷ್ಟ ಅದರ ಅರ್ಧಕ್ಕಿಂತ ಕಡಿಮೆ. ಕ್ಲಾಸ್ ಬಿ ಎಐಎಸ್‌ಗಳಲ್ಲಿ ಹೆಚ್ಚಿನವು ಕಳಿಸುವುದೇ 2 ವ್ಯಾಟ್, ಅಲ್ಲಿ ನಷ್ಟ ಇನ್ನೂ ನೋವು ಕೊಡುತ್ತದೆ.

ಕಂಬದ ತುದಿಯಲ್ಲಿ ಎಲ್‌ಇಡಿ ದೀಪ ಇದ್ದರೆ ಅದನ್ನೂ ಪರೀಕ್ಷಿಸಿ. ಕೆಲವು ಎಲ್‌ಇಡಿಗಳು ವಿಎಚ್‌ಎಫ್ ಮತ್ತು ಎಐಎಸ್‌ಗೆ ಅಡ್ಡಿ ಮಾಡುತ್ತವೆ ಅಂತ ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ದೀಪ ಆರಿಸಿ, ಯಾರೂ ಮಾತಾಡದ ಚಾನೆಲ್‌ಗೆ ಹೋಗಿ. ಸದ್ದು ಆಗಷ್ಟೇ ನಿಲ್ಲುವ ಹಾಗೆ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ತಡೆಯುವ ಗುಂಡಿ) ಹೊಂದಿಸಿ. ಈಗ ದೀಪ ಹಾಕಿ. ಶ್‌ಶ್ ಅಂತ ಸದ್ದು ಮತ್ತೆ ಬಂದರೆ ದೀಪವೇ ಕಾರಣ.

ಸಣ್ಣಲಂಗರು · ಗುರುವಾರ ಬೆಳಿಗ್ಗೆ

ಇಷ್ಟೆಲ್ಲ ತಂತಿ ಯಾಕೆ? ಒಂದು ವೈಫೈ ಗೇಟ್‌ವೇ (ಜಾಲದ ಮಾಹಿತಿಯನ್ನು ವೈಫೈಗೆ ದಾಟಿಸುವ ಪೆಟ್ಟಿಗೆ) ಹಾಕಿ ಟ್ಯಾಬ್ಲೆಟ್‌ನಲ್ಲಿ ಓಪನ್‌ಸಿಪಿಎನ್ ಅನ್ನೋ ನಕ್ಷೆ ಆ್ಯಪ್ ನೋಡಿದರೆ ಸಾಲದಾ?

ಹಳೇತಂತಿ · ಗುರುವಾರ ಮಧ್ಯಾಹ್ನ

ಗೇಟ್‌ವೇ ಹಾಕಿ, ನಾನೂ ಹಾಕಿದ್ದೇನೆ. 0183 ಸಾಲುಗಳಿಗೆ ಅಂತಲೇ 10110 ಅನ್ನೋ ನೆಟ್‌ವರ್ಕ್ ಪೋರ್ಟ್ ಸಂಖ್ಯೆ ನೋಂದಣಿ ಆಗಿದೆ, ಹೆಚ್ಚಿನ ಆ್ಯಪ್‌ಗಳಿಗೆ ಅದು ಗೊತ್ತು. ಮಲಗುವ ಜಾಗದಲ್ಲಿ ಕೂತು ಲಂಗರು ಜಾರಿದೆಯಾ ಅಂತ ನೋಡೋಕೆ ಬಹಳ ಒಳ್ಳೆಯದು. ಆದರೆ ಗೇಟ್‌ವೇಗೆ ಬರುವ ಮಾಹಿತಿ ಇದೇ ತಂತಿಗಳ ಮೇಲೆ ಬರಬೇಕು. ಬುಡದಲ್ಲಿ ಕಿಲುಬು ಇದ್ದರೆ ಟ್ಯಾಬ್ಲೆಟ್‌ನಲ್ಲೂ ಅದೇ ಗೆರೆಗಳು.

ಒಂದು ವಿಷಯದಲ್ಲಿ ಹುಷಾರಾಗಿರಿ. ಗೇಟ್‌ವೇ ಎರಡೂ ದಿಕ್ಕಿಗೆ ಮಾಹಿತಿ ದಾಟಿಸುವ ಹಾಗಿದ್ದರೆ, ಟ್ಯಾಬ್ಲೆಟ್ ತಾನು ಕೇಳಿದ್ದನ್ನೇ ಜಾಲಕ್ಕೆ ವಾಪಸ್ ಕಳಿಸಬಹುದು. ಆಗ ಒಂದೇ ಸ್ಥಾನ ಎರಡು ಸಲ, ಒಂದು ಹೊಸದು, ಒಂದು ಸ್ವಲ್ಪ ಹಳೆಯದು. ಪರದೆಯಲ್ಲಿ ದೋಣಿ ಹಿಂದೆ ಮುಂದೆ ಜಿಗಿಯುತ್ತದೆ. ಓದಲು ಮಾತ್ರ ಬಿಡಿ. ಹಾಗೇ ಚಾರ್ಟ್‌ಪ್ಲಾಟರ್, ಎಐಎಸ್ ಎರಡರಲ್ಲೂ ಜಿಪಿಎಸ್ ಇರುವುದರಿಂದ, ಯಾವುದನ್ನು ಮೊದಲು ನಂಬಬೇಕು ಅಂತ ಪ್ಲಾಟರ್‌ನ ಮೂಲಗಳ ಪಟ್ಟಿಯಲ್ಲಿ ನೀವೇ ಆರಿಸಿ. ಅದಕ್ಕೇ ಬಿಟ್ಟರೆ ಮಧ್ಯದಲ್ಲಿ ಬದಲಿಸುತ್ತದೆ.

ನೀಲಿಹಾಯಿ · ಮುಂದಿನ ಭಾನುವಾರ ರಾತ್ರಿ

ವಾರ ಪೂರ್ತಿ ದೋಣಿಯಲ್ಲೇ ಇದ್ದೆ. ಏನೇನು ಆಯಿತು ಅಂತ ಹೇಳುತ್ತೇನೆ.

ಪ್ಯಾನೆಲ್‌ಗೆ 10ರ ಕಲಾಯಿ ತಂತಿ ಎಳೆದೆ. ಬ್ಯಾಟರಿಯಿಂದ 15 ಸೆಂಟಿಮೀಟರ್‌ನಲ್ಲಿ ಫ್ಯೂಸ್. ಬಸ್‌ಬಾರ್ ಹೊಸದು. ಈಗ ಬ್ಯಾಟರಿ 12.5 ಇದ್ದಾಗ ಪ್ಯಾನೆಲ್ 12.3. ರೇಡಿಯೋ ಒತ್ತಿದರೆ 12.1. ಎಂಜಿನ್ ಸ್ಟಾರ್ಟ್ ಆಗುವಾಗ 10.0ಕ್ಕೆ ಇಳಿಯುತ್ತದೆ, ಪರದೆ ಆರುವುದಿಲ್ಲ. ಹತ್ತು ಸಲ ಸ್ಟಾರ್ಟ್ ಮಾಡಿ ನೋಡಿದೆ.

ಕಂಬ ಹತ್ತಿ ಇನ್‌ಲೈನ್ ಟರ್ಮಿನೇಟರ್ ಹಾಕಿದೆ. ಕೆಳಗೆ ಮೊದಲ ಸಲ ಅಳೆದಾಗ 40 ಓಮ್ ಬಂತು! ಹಳೇತಂತಿಯವರು ಹೇಳಿದ್ದು ನೆನಪಾಯಿತು. ಹಳೆಯ ಟರ್ಮಿನೇಟರನ್ನು ಪಕ್ಕದ ಖಾಲಿ ಟೀಗೆ ಸಿಕ್ಕಿಸಿಟ್ಟಿದ್ದೆ. ತೆಗೆದ ಮೇಲೆ 60.2. ನಿನ್ನೆ ಆರು ಗಂಟೆ ಹಾಯಿಯಲ್ಲಿ ಹೋದೆವು, ಗಾಳಿಯ ಅಂಕಿ ಒಂದು ಸಲವೂ ಹೋಗಲಿಲ್ಲ.

ರೇಡಿಯೋಗೆ ಸ್ಥಾನ ಬಂತು. ಕೈಪಿಡಿ ನೋಡಿದರೆ, ನಾನು ಔಟ್‌ಗೆ ಔಟ್ ಸೇರಿಸಿದ್ದೆ.

ಆಟೋಪೈಲಟ್ ಸೆನ್ಸರನ್ನು ಮುಂದಿನ ಕಪಾಟಿಗೆ ಸರಿಸಿ, ಪಂಪಿನ ತಂತಿಗಳನ್ನು ಹೊಸೆದೆ. ಮಗಳು ಸ್ವಿಚ್ ಹಾಕುತ್ತಾ ಹೋದಳು, ನಾನು ಅಂಕಿ ಓದಿದೆ. ಪಂಪ್‌ಗೆ ಒಂದು ಡಿಗ್ರಿ ಕೂಡ ಕದಲಲಿಲ್ಲ. ಮುಂದಿನ ಕೋಣೆಯ ಓದುವ ದೀಪ ಹಾಕಿದಾಗ ಮಾತ್ರ ಎರಡು ಡಿಗ್ರಿ ತಿರುಗಿತು. ಅದರ ತಂತಿಗಳೂ ಬೇರೆ ಬೇರೆ ಹೋಗಿವೆ. ಅದನ್ನೂ ಹೊಸೆಯುತ್ತೇನೆ, ಅಲ್ಲಿಯ ತನಕ ಆ ದೀಪದ ಫ್ಯೂಸ್ ತೆಗೆದಿಟ್ಟಿದ್ದೇನೆ. ಸುತ್ತು ಹಾಕಿ ತಿದ್ದುಪಡಿ ಮಾಡುವುದು ಆಮೇಲೆ.

ಆಂಟೆನಾ ಕೇಬಲ್ ಆರ್‌ಜಿ-58 ಅಂತಲೇ ಬರೆದಿದೆ. ರೇಡಿಯೋಕಿವಿಯವರೇ, ಕಂಬದ ಬುಡದಲ್ಲಿ ಒಂದು ಕೂಡುಗೊಂಡಿ ಇದೆ. ಆರ್‌ಜಿ-213 ಎಳೆಯುವಾಗ ಅದನ್ನು ಉಳಿಸಿಕೊಳ್ಳಲಾ, ಅಥವಾ ತುದಿಯಿಂದ ರೇಡಿಯೋ ತನಕ ಒಂದೇ ತುಂಡು ಎಳೆಯಲಾ?

ರೇಡಿಯೋಕಿವಿ · ಮುಂದಿನ ಭಾನುವಾರ ರಾತ್ರಿ

ಕಂಬ ಇಳಿಸುವ ಅಗತ್ಯ ಬರುವುದಿಲ್ಲ ಅಂದರೆ ಒಂದೇ ತುಂಡು. ಇಳಿಸುತ್ತೀರಾದರೆ ಕೂಡುಗೊಂಡಿ ಬೇಕೇ ಬೇಕು, ಅದನ್ನು ದೋಣಿಯ ಒಳಗೆ, ತಳದ ನೀರು ಮುಟ್ಟದ ಎತ್ತರದಲ್ಲಿ ಇಡಿ. ಗಾಳಿಮಾಪಕದ ಪ್ಲಗ್ ಕೂಡ ಅಲ್ಲೇ ಇರಲಿ. ಎರಡೂ ಕೇಬಲ್‌ಗಳು ಕೂಡುಗೊಂಡಿಗೆ ಬರುವ ಮುನ್ನ ಕೆಳಗೆ ಇಳಿದು ಮತ್ತೆ ಮೇಲೆ ಏರುವ ಹಾಗೆ ಒಂದು ಬಳುಕು ಕೊಡಿ. ಕಂಬದ ಒಳಗಿನಿಂದ ಇಳಿದ ಮಳೆನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.